ಜನರೇಟರಿನ ಅಡಿಯ ರಬ್ಬರ್ ಮೌಂಟ್: ಆರು ಮಳೆಗಾಲ ಕಂಡ ಮೇಲೆ

ಮಡಿಕೇರಿ ಸಮೀಪದ ನಮ್ಮ ಕಾಫಿ ತೋಟದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟಿಗಿಂತ ಜನರೇಟರನ್ನು ನಂಬಿಕೊಂಡೇ ದಿನ ಕಳೆಯಬೇಕು. ನಮ್ಮದು ನಿಮಿಷಕ್ಕೆ 1500 ಸುತ್ತು ತಿರುಗುವ, ಒಂದೇ ಸಿಲಿಂಡರಿನ ಡೀಸೆಲ್ ಯಂತ್ರ. ಮೊದಲು ಅದನ್ನು ನೇರವಾಗಿ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಿದ್ದರಿಂದ, ಶೆಡ್ಡಿಗೆ ತಾಗಿಕೊಂಡಿರುವ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಇಡೀ ದಿನ ಕಿಣಿಕಿಣಿ ಎನ್ನುತ್ತಿದ್ದವು. ಆರು ವರ್ಷಗಳ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಮೌಂಟ್, ಅಂದರೆ ಯಂತ್ರಕ್ಕೂ ನೆಲಕ್ಕೂ ನಡುವೆ ಕೂತು ಕಂಪನ ತಡೆಯುವ ರಬ್ಬರಿನ ಕಾಲು, ಹಾಕಿಸಿದ ದಿನವೇ ಲೋಟಗಳು ಸುಮ್ಮನಾದವು.

ಇದರ ಲೆಕ್ಕ ಸರಳ. ಯಂತ್ರದ ಭಾರಕ್ಕೆ ನಮ್ಮ ಮೌಂಟ್‌ಗಳು 4 ಮಿ.ಮೀ. ಕುಗ್ಗಿವೆ, ಅಂದರೆ ಅವುಗಳ ಮೇಲೆ ಕುಳಿತ ಯಂತ್ರದ ಸಹಜ ಕಂಪನ (ಒಮ್ಮೆ ಒತ್ತಿ ಬಿಟ್ಟರೆ ತನ್ನಷ್ಟಕ್ಕೆ ಕುಲುಕುವ ಗತಿ) ಸೆಕೆಂಡಿಗೆ ಸುಮಾರು 8 ಬಾರಿ. ಕಂಪಿಸುವಾಗ ರಬ್ಬರ್ ಸ್ವಲ್ಪ ಬಿಗಿಯಾಗುವುದರಿಂದ ಅದನ್ನು 9 ಎಂದು ಹಿಡಿಯೋಣ. ಯಂತ್ರ ತಿರುಗುವುದು ಸೆಕೆಂಡಿಗೆ 25 ಸುತ್ತು. ಈ ಅಂತರದಿಂದಾಗಿಯೇ ಸುತ್ತಿನಿಂದ ಹುಟ್ಟುವ ಕಂಪನದ ಬಲದಲ್ಲಿ ಸುಮಾರು ಆರರಲ್ಲೊಂದು ಪಾಲು ಮಾತ್ರ ನೆಲಕ್ಕೆ ಇಳಿಯುತ್ತದೆ. ಆದರೆ ಒಂದೇ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಡೀಸೆಲ್ ಉರಿಯುವುದರಿಂದ ಸೆಕೆಂಡಿಗೆ ಹನ್ನೆರಡೂವರೆ ಬಾರಿಯ ಕುಲುಕಾಟವೊಂದು ಬೇರೆಯೇ ಇದೆ. ಅದನ್ನು ಈ ಮೌಂಟ್ ಹೆಚ್ಚೇನೂ ತಡೆಯುವುದಿಲ್ಲ. ಶೆಡ್ಡಿನ ನೆಲದ ಮೇಲೆ ಬರಿಗಾಲಿನಲ್ಲಿ ನಿಂತರೆ ಅದು ಈಗಲೂ ಗೊತ್ತಾಗುತ್ತದೆ.

ನನ್ನ ನಿಜವಾದ ದೂರು ಯಂತ್ರ ನಿಲ್ಲಿಸುವಾಗಿನದು. ವೇಗ ಇಳಿಯುತ್ತಾ ಸಹಜ ಕಂಪನದ ಆ 9ರ ಹತ್ತಿರ ಬಂದಾಗ ಎರಡರ ತಾಳವೂ ಒಂದಾಗಿ ಇಡೀ ಯಂತ್ರ ಎರಡು ಮೂರು ಸೆಕೆಂಡು ಹುಚ್ಚು ಹಿಡಿದಂತೆ ಕುಣಿಯುತ್ತದೆ. ಸೈಲೆನ್ಸರಿನ ಕೊಳವೆಗೆ ಗಟ್ಟಿ ಜೋಡಣೆ ಇದ್ದ ಕಾಲದಲ್ಲಿ ಈ ಕುಣಿತಕ್ಕೇ ವೆಲ್ಡಿಂಗ್ ಎರಡು ಬಾರಿ ಬಿಟ್ಟಿತ್ತು.

ಕಬ್ಬಿಣದ ಸೂಕ್ಷ್ಮ ಪುಡಿ ಬೆರೆಸಿದ, ಕಾಂತಕ್ಷೇತ್ರದಲ್ಲಿ ಬಿಗಿಯಾಗುವ ರಬ್ಬರ್ ಇದ್ದರೆ ಇದಕ್ಕೆ ಮದ್ದಿದೆ: ವೇಗ ಇಳಿಯುತ್ತಿರುವಾಗ ಮೊದಲು ಮೆತ್ತಗಿಟ್ಟು, 9ಕ್ಕೆ ಬರುವ ಮುನ್ನ ಕಾಂತಕ್ಷೇತ್ರ ಹುಟ್ಟಿಸುವ ತಂತಿಯ ಸುರುಳಿಗೆ ವಿದ್ಯುತ್ ಕೊಟ್ಟು ಬಿಗಿ ಮಾಡಿದರೆ ಸಹಜ ಕಂಪನವೇ ಮೇಲಕ್ಕೆ ಜಿಗಿದು, ಯಂತ್ರ ಅದರ ಜೊತೆ ತಾಳ ಹಾಕುವ ಅವಧಿ ಕಿರಿದಾಗುತ್ತದೆ. ಇದೇ ಬಳಗದ, ಕಾಂತಕ್ಷೇತ್ರದಲ್ಲಿ ಗಟ್ಟಿಯಾಗುವ ದ್ರವವನ್ನು ತುಂಬಿದ ಶಾಕ್ ಅಬ್ಸಾರ್ಬರ್‌ಗಳು 2002ರಲ್ಲೇ ಕ್ಯಾಡಿಲಾಕ್ ಕಾರಿಗೆ ಬಂದಿದ್ದವು. ಆದರೆ ಸುರುಳಿ, ಸೆನ್ಸರ್, ನಿಯಂತ್ರಕ ಎಲ್ಲವನ್ನೂ ಕೊಡಗಿನ ಮಳೆಯ ತೇವದಲ್ಲಿ, ಇಲಿ ಓಡಾಡುವ ಶೆಡ್ಡಿನಲ್ಲಿ ಸಾಕಬೇಕಲ್ಲ! ಕರೆಂಟು ಹೋದಾಗ ದುಡಿಯಬೇಕಾದ ಯಂತ್ರದ ಕಾಲಿಗೇ ಕರೆಂಟು ಹುಡುಕುವ ಉತ್ಸಾಹ ನನಗಿಲ್ಲ. ಕೊಳವೆಗೆ ಬಾಗುವ ಜೋಡಣೆ ಹಾಕಿಸಿ ಸುಮ್ಮನಾದೆ.

ಎರಡನೆಯ ವರ್ಷ ಆದ ಎಡವಟ್ಟಿಗೆ ಅರ್ಧ ಕಾರಣ ನಾನೇ. ಡೀಸೆಲ್ ಪೈಪಿನ ಸಣ್ಣ ಸೋರಿಕೆಯನ್ನು ತಿಂಗಳುಗಟ್ಟಲೆ ಗಮನಿಸಲಿಲ್ಲ. ಕೆಳಗಿದ್ದ ಮೌಂಟ್ ನೆನೆದ ಅವಲಕ್ಕಿಯಂತೆ ಉಬ್ಬಿ, ಉಗುರು ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗಾಗಿ, ಯಂತ್ರ ಆ ಕಡೆಗೆ ವಾಲಿತ್ತು. ಮಾರಿದ ಅಂಗಡಿಯವರು "ರಬ್ಬರ್ ಅಂದ್ರೆ ಎಲ್ಲಾ ಒಂದೇ ಸಾರ್" ಎಂದಿದ್ದರು. ಒಂದೇ ಅಲ್ಲ. ನೈಸರ್ಗಿಕ ರಬ್ಬರ್ ಚೆನ್ನಾಗಿ ಪುಟಿಯುತ್ತದೆ, ಬೇಗ ದಣಿಯುವುದಿಲ್ಲ, ಆದರೆ ಡೀಸೆಲ್ ತಾಗಿದರೆ ಕೆಡುತ್ತದೆ. ಎಣ್ಣೆಯ ಜಾಗಕ್ಕೆ ನೈಟ್ರೈಲ್ ರಬ್ಬರ್ ಬೇಕು. ಆಗ ನಾಲ್ಕನ್ನೂ ನೈಟ್ರೈಲ್‌ಗೆ ಬದಲಿಸಿದೆ.

ಈಗ ಪ್ರತಿ ಮೇ ತಿಂಗಳಲ್ಲಿ ಸ್ಕೇಲ್ ಹಿಡಿದು ಅವುಗಳ ಎತ್ತರ ಅಳೆಯುತ್ತೇನೆ. ಈ ಸಲ ಸೈಲೆನ್ಸರಿನ ಬಿಸಿ ತಾಗುವ ಮೂಲೆಯದು ಉಳಿದವಕ್ಕಿಂತ 2 ಮಿ.ಮೀ. ಹೆಚ್ಚು ಕುಸಿದಿದೆ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕೂ ಇದೆ. ಒಂದನ್ನೇ ಬದಲಿಸಿದರೆ ಬಿಗಿ ಹೊಂದುವುದಿಲ್ಲವಾದ್ದರಿಂದ ಮಳೆ ಹಿಡಿಯುವ ಮೊದಲು ನಾಲ್ಕನ್ನೂ ತರಿಸಬೇಕು. ಒಟ್ಟಾರೆ ಈ ಮೌಂಟ್‌ಗಳಿಗೆ ಐದರಲ್ಲಿ ನಾಲ್ಕು ಅಂಕ.