ಮಲೆನಾಡಿನ ಮಳೆಯಲ್ಲಿ 125 ಸಿಸಿ ಸ್ಕೂಟರ್: 40,000 ಕಿಲೋಮೀಟರ್ ಓಡಿಸಿದ ಮೇಲೆ

ಗೇರ್ ಇಲ್ಲದ ಸ್ಕೂಟರಿಗೆ ಕಾಲಕಾಲಕ್ಕೆ ಆಯಿಲ್ ಬದಲಿಸಿ, ಚಕ್ರಕ್ಕೆ ಗಾಳಿ ಹೊಡೆಸಿಕೊಂಡಿದ್ದರೆ ಸಾಕು, ಬೇರೇನೂ ನೋಡಬೇಕಾಗಿಲ್ಲ ಎಂದು ಶೋರೂಮಿನವರಿಂದ ಹಿಡಿದು ನೆರೆಮನೆಯವರ ತನಕ ಎಲ್ಲರೂ ಹೇಳುತ್ತಾರೆ. ಶಿರಸಿ ಸೀಮೆಯ ಏರು, ಇಳುಕಲು, ಕೆಮ್ಮಣ್ಣಿನ ರಸ್ತೆಗಳಲ್ಲಿ 125 ಸಿಸಿ ಸ್ಕೂಟರೊಂದನ್ನು 40,000 ಕಿಲೋಮೀಟರಿಗೂ ಹೆಚ್ಚು ಓಡಿಸಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಈ ಗಾಡಿಯ ಬಗ್ಗೆ ನನಗಿರುವ ಬಹುಪಾಲು ಸಿಟ್ಟಿಗೂ ಈಗ ಹುಟ್ಟಿರುವ ಪ್ರೀತಿಗೂ ಕಾರಣವಾದದ್ದು ಒಂದೇ ಜಾಗ: ಎಂಜಿನ್ನಿನ ಎಡಮಗ್ಗುಲಲ್ಲಿ ಹಿಂಚಕ್ರದ ತನಕ ಉದ್ದಕ್ಕೆ ಚಾಚಿಕೊಂಡಿರುವ ಆ ಲೋಹದ ಕವರಿನ ಒಳಭಾಗ.

ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಹೊರಟಿರುವುದು ಈ ವರ್ಗದ ಸ್ಕೂಟರುಗಳಿಗೆಲ್ಲ ಅನ್ವಯಿಸುತ್ತದೆ. ಆ್ಯಕ್ಸೆಸ್ 125, ಆ್ಯಕ್ಟಿವಾ 125, ಜುಪಿಟರ್ 125, ಎನ್‌ಟಾರ್ಕ್, ಯಾವುದನ್ನೇ ತೆಗೆದುಕೊಂಡರೂ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರವನ್ನು ಮುಟ್ಟುವುದು ಒಂದು ರಬ್ಬರ್ ಬೆಲ್ಟಿನ ಮೂಲಕವೇ. ಅಶ್ವಶಕ್ತಿ, ಬಣ್ಣ, ಮೊಬೈಲಿಗೆ ಜೋಡಿಸುವ ಮೀಟರು ಮೊದಲಾದವುಗಳ ವಿವರ ಎಲ್ಲ ಕಡೆಯೂ ಸಿಗುವುದರಿಂದ ಅವುಗಳನ್ನು ಇಲ್ಲಿ ಬರೆಯುವುದಿಲ್ಲ.

ನಾನು ಹಳ್ಳಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಅರ್ಧ ಡಾಂಬರು, ಉಳಿದದ್ದು ಮಣ್ಣು ಮತ್ತು ಜಲ್ಲಿ. ಬೈಕಿಗಿಂತ ಸ್ಕೂಟರನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಅದರ ಫುಟ್‌ಬೋರ್ಡು. ಜೂನ್ ತಿಂಗಳಲ್ಲಿ ಪಠ್ಯಪುಸ್ತಕದ ಕಟ್ಟು, ಪರೀಕ್ಷೆಯ ಕಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉತ್ತರಪತ್ರಿಕೆಗಳು, ಉಳಿದ ದಿನಗಳಲ್ಲಿ ಕೊಟ್ಟಿಗೆಯ ದನಕ್ಕೆ ಬೇಕಾದ ಹಿಂಡಿ ಚೀಲ, ಇವೆಲ್ಲ ಕಾಲ ನಡುವೆ ಕುಳಿತು ಅಲುಗಾಡದೆ ಬರುತ್ತವೆ. ಮುಂದಿನ ಕೊಕ್ಕೆಗೆ ಸಿಕ್ಕಿಸಿದ ಕೈಚೀಲ ಅಷ್ಟೇ ಭದ್ರವಾಗಿರುತ್ತದೆ. ಇಂಥ ಹೊರೆ ಹೊತ್ತು ಏರು ಹತ್ತುವವರಿಗೆ 110 ಸಿಸಿಗಿಂತ 125 ಸಿಸಿಯೇ ಸರಿ ಎಂದು ಖಚಿತವಾಗಿ ಹೇಳಬಲ್ಲೆ. ಪೇಟೆಯ ಸಪಾಟು ರಸ್ತೆಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಅಷ್ಟಾಗಿ ತಿಳಿಯದು. ಆದರೆ ಹಿಂದೆ ಒಬ್ಬರು ಕುಳಿತಿದ್ದು, ಮುಂದೆ ಚೀಲವೂ ಇದ್ದು, ತಿರುವಿನಲ್ಲಿ ವೇಗ ಕಳೆದುಕೊಂಡ ಗಾಡಿ ಮತ್ತೆ ಏರಬೇಕಾದಾಗ ಆ ಹೆಚ್ಚಿನ 15 ಸಿಸಿಯ ಬೆಲೆ ಗೊತ್ತಾಗುತ್ತದೆ.

ಬೆಳಿಗ್ಗೆ ಗಾಡಿ ಹೊರಡಿಸುವುದಕ್ಕೆ ಒಂದು ಕ್ರಮವಿದೆ. ರಾತ್ರಿಯಿಡೀ ಸೆಂಟರ್ ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸುತ್ತೇನೆ. ಸೀಟಿನ ಮೇಲಿನ ಇಬ್ಬನಿಯನ್ನೋ ಜಡಿಮಳೆಯ ಎರಚಲನ್ನೋ ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಹಿಂದಿನ ಟೈರನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಮೊಳೆಯೋ ಚೂಪುಗಲ್ಲೋ ಕಚ್ಚಿಕೊಂಡಿದೆಯೇ ಎಂದು ನೋಡುತ್ತೇನೆ. ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪು ಗುಂಯ್ ಎಂದು ಒಂದೆರಡು ಕ್ಷಣ ಸದ್ದು ಮಾಡಿ ಸುಮ್ಮನಾಗುತ್ತದೆ, ಆ ಬಳಿಕವೇ ಸೆಲ್ಫ್ ಒತ್ತುವುದು. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕಲು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ನಿಯಮದಿಂದಾಗಿ ಕಾರ್ಬ್ಯುರೇಟರ್ ಹೋಗಿ, ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ಫ್ಯುಯಲ್ ಇಂಜೆಕ್ಷನ್ ಬಂದಿರುವುದರಿಂದ, ಆಷಾಢದ ಚಳಿಯಲ್ಲಿಯೂ ಚೋಕ್ ಎಳೆಯುವ, ಕಿಕ್ ಹೊಡೆದು ಬೆವರುವ ಕಷ್ಟ ಈಗಿಲ್ಲ. ಈ ಒಂದು ವಿಷಯದಲ್ಲಿ ನನ್ನ ಗಾಡಿ ಇಂದಿನವರೆಗೂ ನನ್ನನ್ನು ಕಾಯಿಸಿಲ್ಲ.

ಇನ್ನು ತಕರಾರಿನ ವಿಷಯ. ಎರಡನೆಯ ಮಳೆಗಾಲದ ಹೊತ್ತಿಗೆ ಸ್ಕೂಟರು ನಿಂತಲ್ಲಿಂದ ಹೊರಡುವಾಗ ನಡುಗತೊಡಗಿತು. ಎಕ್ಸಿಲೇಟರ್ ತಿರುವಿದೊಡನೆ ಗಡಗಡ ಎಂದು ಅದುರಿ, ನಾಲ್ಕು ಮಾರು ಹೋದ ಮೇಲೆ ಸರಿಯಾಗುತ್ತಿತ್ತು. ಬೆಳಗಿನ ತೇವದಲ್ಲಿ ಇದು ಹೆಚ್ಚು, ಮಧ್ಯಾಹ್ನದ ಬಿಸಿಲಿಗೆ ಕಡಿಮೆ. ಏರಿನಲ್ಲಿ ಎಂಜಿನ್ನಿನ ಸದ್ದು ಏರಿದಷ್ಟು ವೇಗ ಏರುತ್ತಿರಲಿಲ್ಲ. ಅಧಿಕೃತ ಸರ್ವಿಸ್ ಸೆಂಟರಿಗೆ ಕೊಂಡೊಯ್ದಾಗಲೆಲ್ಲ ಗಾಡಿಯನ್ನು ತೊಳೆದು, ಆಯಿಲ್ ಬದಲಿಸಿ, ಪಾಲಿಶ್ ಹಚ್ಚಿ, ಬಿಲ್ಲಿನಲ್ಲಿ 'ಜನರಲ್ ಚೆಕಪ್' ಎಂದು ಬರೆದು ಕೊಡುತ್ತಿದ್ದರು. ನಡುಕದ ಬಗ್ಗೆ ಕೇಳಿದರೆ, ಮಳೆಗಾಲದಲ್ಲಿ ಎಲ್ಲ ಸ್ಕೂಟರುಗಳೂ ಹೀಗೆಯೇ ಎಂಬ ಉತ್ತರ. ಎಡಗಡೆಯ ಕವರನ್ನು ಒಮ್ಮೆಯೂ ಬಿಚ್ಚಿರಲಿಲ್ಲ ಎಂಬುದಕ್ಕೆ ಅದರ ಬೋಲ್ಟುಗಳ ಮೇಲೆ ಹಾಗೆಯೇ ಕುಳಿತಿದ್ದ ಕೆಂಪು ಕೆಸರೇ ಸಾಕ್ಷಿಯಾಗಿತ್ತು. ಗ್ರಾಹಕರು ಹೇಳಿದ ದೂರನ್ನು ಕಾಗದದಲ್ಲಿ ಬರೆದುಕೊಂಡು, ಕೈಯಿಂದ ಮುಟ್ಟಿಯೂ ನೋಡದೆ ಗಾಡಿಯನ್ನು ಹಿಂದಿರುಗಿಸುವುದು ಸೇವೆಯಲ್ಲ. ಈ ವಿಷಯದಲ್ಲಿ ನನ್ನ ಅಸಮಾಧಾನ ಇಂದಿಗೂ ಕಡಿಮೆಯಾಗಿಲ್ಲ.

ವಾರಂಟಿ ಮುಗಿದ ಮೇಲೆ ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಗಾಡಿಯನ್ನು ಗ್ಯಾರೇಜಿನ ಮುಂದಿನ ಏರಿನಲ್ಲಿ ಒಮ್ಮೆ ಓಡಿಸಿ ಬಂದು, "ಅಕ್ಕೋರೆ, ಎಂಜಿನ್ನಿಗೆ ಏನೂ ಆಗ್ಲಿಲ್ಲ. ಎಡಗಡೆ ಕವರ್ ಬಿಚ್ಚಿ ನೋಡುವ, ನೀವೂ ಇಲ್ಲೇ ಕೂತ್ಕಳಿ" ಎಂದರು. ಆ ಮಧ್ಯಾಹ್ನ ಅಲ್ಲಿ ಕಂಡದ್ದರಿಂದ ಈ ಗಾಡಿಯ ಬಗೆಗಿನ ನನ್ನ ಮನಸ್ಸೇ ಬದಲಾಯಿತು.

ಕವರಿನ ಬೋಲ್ಟುಗಳು ನೋಡಲು ಒಂದೇ ಥರವಿದ್ದರೂ ಉದ್ದದಲ್ಲಿ ವ್ಯತ್ಯಾಸವಿರುತ್ತದೆ. ಅವರು ಒಂದು ರಟ್ಟಿನ ಮೇಲೆ ಕವರಿನ ಆಕಾರವನ್ನು ಗೀಚಿ, ತೆಗೆದ ಪ್ರತಿ ಬೋಲ್ಟನ್ನೂ ಅದರದರ ಜಾಗದಲ್ಲಿ ಚುಚ್ಚಿಟ್ಟರು. ಕವರು ಕಳಚಿದಾಗ ಒಳಗೆಲ್ಲ ಕಾಡಿಗೆಯಂತಹ ಕರಿಪುಡಿ. ಬೆಲ್ಟು ಸವೆದು ಉದುರಿದ ರಬ್ಬರಿನ ಪುಡಿಯೂ ಕ್ಲಚ್ ಶೂಗಳ ಪುಡಿಯೂ ತೇವದೊಡನೆ ಬೆರೆತು ಕ್ಲಚ್ಚಿನ ಬಟ್ಟಲಿನ ಒಳಗೋಡೆಗೆ ಮೆತ್ತಿಕೊಂಡಿದ್ದವು. ನಡುಕಕ್ಕೆ ಕಾರಣ ಅದೇ. ಎಂಜಿನ್ನಿನ ವೇಗ ಹೆಚ್ಚಿದಾಗ ಈ ಶೂಗಳು ಹೊರಕ್ಕೆ ಚಾಚಿ ಬಟ್ಟಲಿನ ಗೋಡೆಯನ್ನು ಹಿಡಿದು ಹಿಂದಿನ ಚಕ್ರವನ್ನು ತಿರುಗಿಸಬೇಕು. ಗೋಡೆ ನುಣುಪಾಗಿ, ಮೇಲೆ ಪುಡಿ ಮೆತ್ತಿಕೊಂಡಿದ್ದರೆ ಶೂಗಳು ಹಿಡಿದು, ಜಾರಿ, ಮತ್ತೆ ಹಿಡಿಯುತ್ತವೆ. ಆ ಹಿಡಿತ ಮತ್ತು ಜಾರುವಿಕೆಯೇ ನಮ್ಮ ಕೈಗೆ ಗಡಗಡವಾಗಿ ತಲುಪುತ್ತದೆ.

ಬೆಲ್ಟು ಸುತ್ತಿಕೊಂಡಿರುವುದು ಎರಡು ಪುಲ್ಲಿಗಳಿಗೆ (ರಾಟೆಗಳಿಗೆ), ಎಂಜಿನ್ ಕಡೆಗೊಂದು, ಹಿಂಚಕ್ರದ ಕಡೆಗೊಂದು. ಎಂಜಿನ್ ಕಡೆಯ ಮುಂದಿನ ಪುಲ್ಲಿಯೊಳಗಿನ ರೋಲರುಗಳನ್ನು ತೆಗೆದು ಅವರು ನನ್ನ ಅಂಗೈಯಲ್ಲಿಟ್ಟರು. ದುಂಡಗೆ ಉರುಳಬೇಕಾದ ಅವುಗಳಲ್ಲಿ ಒಂದೆರಡು ಒಂದು ಮಗ್ಗುಲು ಚಪ್ಪಟೆಯಾಗಿ ಸವೆದಿದ್ದವು. ಎಂಜಿನ್ ಜೋರಾಗಿ ತಿರುಗಿದಂತೆ ಈ ರೋಲರುಗಳು ಹೊರಕ್ಕೆ ಸರಿಯುತ್ತ ಪುಲ್ಲಿಯ ಒಂದು ತಟ್ಟೆಯನ್ನು ಇನ್ನೊಂದರ ಹತ್ತಿರಕ್ಕೆ ತಳ್ಳುತ್ತವೆ. ನಡುವಿನ ಬೆಲ್ಟು ಅಂಚಿನ ಕಡೆಗೆ ಏರುತ್ತದೆ, ಅದೇ ಹೊತ್ತಿಗೆ ಹಿಂದಿನ ಪುಲ್ಲಿ ಬಾಯ್ತೆರೆದು ಬೆಲ್ಟು ಅಲ್ಲಿ ಒಳಕ್ಕೆ ಇಳಿಯುತ್ತದೆ. ಗೇರ್ ಬದಲಿಸುವ ಕೆಲಸವೆಲ್ಲ ನಡೆಯುವುದು ಹೀಗೆ, ಯಾವ ಸನ್ನೆಕೋಲೂ ಇಲ್ಲದೆ, ಕೇವಲ ತೂಕ ಮತ್ತು ವೇಗದ ಬಲದಿಂದ. ಮಕ್ಕಳಿಗೆ ಕೇಂದ್ರಾಪಗಾಮಿ ಬಲವನ್ನು ಕಪ್ಪು ಹಲಗೆಯ ಮೇಲೆ ವಿವರಿಸುತ್ತ ಬಂದಿರುವ ನನಗೆ, ಅದೇ ಬಲ ದಿನವೂ ನನ್ನ ಕಾಲ ಬುಡದಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ್ದು ಬಹಳ ಸಂತೋಷ ಕೊಟ್ಟಿತು. ನೆದರ್‌ಲೆಂಡ್ಸಿನ ಡಾಫ್ ಕಂಪನಿ 1958ರಲ್ಲಿ ತನ್ನ ಪುಟ್ಟ ಕಾರಿನಲ್ಲಿ ಅಳವಡಿಸಿದ್ದೂ ರಬ್ಬರ್ ಬೆಲ್ಟಿನ ಇದೇ ತತ್ತ್ವವನ್ನು. ನಮ್ಮ ರಸ್ತೆಗಳಿಗೆ ಅದನ್ನು 1980ರ ದಶಕದಲ್ಲಿ ತಂದದ್ದು ಕೈನೆಟಿಕ್ ಹೋಂಡಾ. ಆಗ ನಮ್ಮ ಕಡೆ ಸ್ಕೂಟರೆಂದರೆ ಎಡಗೈಯಲ್ಲಿ ಗೇರ್ ತಿರುವುವ ಗಾಡಿಯೇ ಆಗಿತ್ತು.

ಸವೆದ ರೋಲರುಗಳನ್ನೂ ಬೆಲ್ಟನ್ನೂ ಬದಲಿಸಿ, ಬಟ್ಟಲಿನ ಒಳಗೋಡೆಯನ್ನೂ ಶೂಗಳನ್ನೂ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಒಣಬಟ್ಟೆಯಿಂದ ಒರೆಸಿದರು. ಹೊಸ ಬೆಲ್ಟಿನ ಮೇಲೆ ಅದು ತಿರುಗಬೇಕಾದ ದಿಕ್ಕಿಗೆ ಬಾಣದ ಗುರುತಿರುತ್ತದೆ, ಅದನ್ನು ನೋಡಿಯೇ ಹಾಕಬೇಕು. ಹಿಂದಿನ ಪುಲ್ಲಿಯ ಎರಡು ತಟ್ಟೆಗಳನ್ನು ಅಗಲಿಸಿ ಬೆಲ್ಟನ್ನು ಆಳಕ್ಕೆ ಒತ್ತಿ, ಮುಂದುಗಡೆ ಅದು ಸಡಿಲವಾಗಿ ಜೋತಾಡುವಂತೆ ಮಾಡಿದ ಮೇಲೆಯೇ ಮುಂದಿನ ನಟ್ಟನ್ನು ಬಿಗಿದರು. ಬೆಲ್ಟು ತಟ್ಟೆಗಳ ನಡುವೆ ಸಿಕ್ಕಿಕೊಂಡಿರುವಾಗ ನಟ್ಟು ಬಿಗಿದರೆ ಬಿಗಿಯಾದಂತೆ ಕಂಡು, ಓಡುವಾಗ ಸಡಿಲವಾಗುತ್ತದೆಯಂತೆ. ಸಾಮಾನು, ಕೂಲಿ ಎಲ್ಲ ಸೇರಿ 2,000 ರೂಪಾಯಿಯೊಳಗೆ ಮುಗಿಯಿತು. ಆ ಸಂಜೆ ಮನೆಯ ಏರನ್ನು ಗಾಡಿ ಹೊಸತರಲ್ಲಿದ್ದಂತೆ ಹತ್ತಿತು.

ಅಂದಿನಿಂದ ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮೊದಲು ಒಮ್ಮೆ ಮತ್ತು ದೀಪಾವಳಿಯ ಆಸುಪಾಸಿನಲ್ಲಿ ಒಮ್ಮೆ, ಆ ಕವರನ್ನು ಬಿಚ್ಚಿಸಿ ಶುಚಿಮಾಡಿಸುತ್ತೇನೆ. ಬೆಲ್ಟನ್ನು ಸಾಮಾನ್ಯವಾಗಿ 20,000ದಿಂದ 25,000 ಕಿಲೋಮೀಟರಿಗೆ ಬದಲಿಸುವ ರೂಢಿಯಿದೆ. ಹೊರೆ ಹೊತ್ತು ಏರು ಹತ್ತುವ ಗಾಡಿಗಳು ಅದರ ಕೆಳಗಿನ ಅಂಕಿಯನ್ನೇ ಹಿಡಿಯುವುದು ಒಳ್ಳೆಯದು. ಬೆಲ್ಟು ಹರಿದರೆ ಎಂಜಿನ್ ಎಷ್ಟು ಕೂಗಿದರೂ ಗಾಡಿ ಒಂದಡಿಯೂ ಮುಂದೆ ಹೋಗುವುದಿಲ್ಲ. ಬದಲಿಸಿದ ಹಳೆಯ ಬೆಲ್ಟು ಇನ್ನೂ ಹರಿದಿರಲಿಲ್ಲವಾದ್ದರಿಂದ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಟ್ಟಿದ್ದೇನೆ. ಹಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಬಲ್ಲವರು ಸಿಗುತ್ತಾರೆ, ಬೆಲ್ಟು ಸಿಗುವುದಿಲ್ಲ. ಇದೇ ಎಡಮಗ್ಗುಲಿನ ಹಿಂತುದಿಯಲ್ಲಿ ನೂರು ಮಿಲಿಲೀಟರಿನ ಆಸುಪಾಸಿನಷ್ಟು ಗೇರ್ ಆಯಿಲ್ ಬೇರೆಯಾಗಿ ಇರುತ್ತದೆ. ಕೇಳಿ ಹಾಕಿಸಿಕೊಳ್ಳದಿದ್ದರೆ ಅದನ್ನು ಬದಲಿಸುವವರು ಕಡಿಮೆ.

ನನ್ನ ತವರು ಕುಮಟಾ ಕಡೆಯಾದ್ದರಿಂದ ದೇವಿಮನೆ ಘಟ್ಟವನ್ನು ಆಗಾಗ ಇಳಿಯಬೇಕಾಗುತ್ತದೆ. ಇಲ್ಲಿಯೂ ಅದೇ ಕ್ಲಚ್ಚಿನ ಗುಣವನ್ನು ತಿಳಿದಿರಬೇಕು. ಎಕ್ಸಿಲೇಟರ್ ಪೂರ್ತಿ ಬಿಟ್ಟು ವೇಗ ತೀರ ಇಳಿದಾಗ ಶೂಗಳು ಬಟ್ಟಲನ್ನು ಬಿಟ್ಟುಬಿಡುವುದರಿಂದ ಎಂಜಿನ್ನಿನ ತಡೆ ಇಲ್ಲವಾಗಿ, ಗಾಡಿ ತನ್ನ ಭಾರದಿಂದಲೇ ಜಾರತೊಡಗುತ್ತದೆ. ಆಗ ಇಡೀ ಹೊರೆ ಬ್ರೇಕಿನ ಮೇಲೆ ಬಿದ್ದು, ಡ್ರಮ್ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಕ್ಸಿಲೇಟರನ್ನು ಒಂದಿಷ್ಟೇ ತಿರುವಿ ಕ್ಲಚ್ ಹಿಡಿಯುವಂತೆ ಮಾಡಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಸ್ವಲ್ಪ ಹಿಡಿದಿಡುತ್ತದೆ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಘಟ್ಟ ಇಳಿಯುವವರನ್ನು ಕಂಡಾಗ ನನಗೆ ಭಯವಾಗುತ್ತದೆ. 2019ರ ಏಪ್ರಿಲಿನಿಂದ 125 ಸಿಸಿವರೆಗಿನ ಹೊಸ ವಾಹನಗಳಲ್ಲಿ ಕಡ್ಡಾಯವಾದ ಕಂಬೈನ್ಡ್ ಬ್ರೇಕಿನಲ್ಲಿ ಎಡಗೈಯ ಲಿವರ್ ಒತ್ತಿದರೆ ಮುಂದಿನ ಬ್ರೇಕೂ ತುಸು ಹಿಡಿಯುತ್ತದೆ. ಇದು ಉಪಯುಕ್ತವೇ, ಆದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ತಿರುಗದೆ ಸಿಕ್ಕಿಹಾಕಿಕೊಳ್ಳುವುದನ್ನು ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ತಡೆಯುತ್ತದೆ, ಇದು ತಡೆಯುವುದಿಲ್ಲ. ಹಾಗಾಗಿ ಒದ್ದೆ ತಿರುವಿನಲ್ಲಿ ಅದನ್ನೇ ನಂಬಿಕೊಳ್ಳಬಾರದು.

ಬಿಡಿ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಿನ ಚಕ್ರದ ಹಿಂದೆ ಉದ್ದನೆಯ ಮಡ್‌ಫ್ಲಾಪ್ ಹಾಕಿಸಿದ್ದು ಅತಿ ಕಡಿಮೆ ಹಣದಲ್ಲಿ ಅತಿ ಹೆಚ್ಚು ಉಪಕಾರ ಮಾಡಿತು, ಸೀರೆಯ ಅಂಚಿಗೆ ಕೆಸರು ಹಾರುವುದು ನಿಂತಿತು. ಹಿಂಬದಿ ಕೂರುವವರ ರಕ್ಷಣೆಗೆ ಸೀರೆ ಗಾರ್ಡ್ ಇರಲೇಬೇಕು. ಫುಟ್‌ಬೋರ್ಡಿನ ರಬ್ಬರ್ ಮ್ಯಾಟನ್ನು ಮಾತ್ರ ಮಳೆಗಾಲದಲ್ಲಿ ತೆಗೆದಿಡುತ್ತೇನೆ, ಅದರ ಕೆಳಗೆ ನೀರು ನಿಂತು ಸ್ಕ್ರೂಗಳೆಲ್ಲ ತುಕ್ಕು ಹಿಡಿಯುತ್ತವೆ. ಹೆಡ್‌ಲೈಟಿನ ಬೆಳಕು ಕಾಡುದಾರಿಗೆ ಸಾಲದೆಂದು ವೈರ್ ಕತ್ತರಿಸಿ ಹೆಚ್ಚಿನ ದೀಪ ಜೋಡಿಸಲು ಅಂಗಡಿಯವರು ಒತ್ತಾಯಿಸಿದಾಗ ಬೇಡವೆಂದೆ, ಏಕೆಂದರೆ ಇಂಜೆಕ್ಷನ್ ಗಾಡಿಯ ವೈರಿಂಗಿನಲ್ಲಿ ಒಂದು ಜೋಡಣೆ ಸಡಿಲವಾದರೂ ಮಳೆಯಲ್ಲಿ ಎಂಜಿನ್ನೇ ನಿಂತೀತು. ಚಕ್ರದ ಅಳತೆಯನ್ನು ಮಾತ್ರ ಕೊಳ್ಳುವಾಗಲೇ ನೋಡಿಕೊಳ್ಳಿ. ಆ್ಯಕ್ಸೆಸ್ 125 ಮತ್ತು ಆ್ಯಕ್ಟಿವಾ 125ರಲ್ಲಿ ಮುಂದೆ 12 ಇಂಚು, ಹಿಂದೆ 10 ಇಂಚಿನ ಚಕ್ರ. ಎನ್‌ಟಾರ್ಕ್ ಮತ್ತು ಜುಪಿಟರ್ 125ರಲ್ಲಿ ಎರಡೂ 12 ಇಂಚು. ಗುಂಡಿಬಿದ್ದ ರಸ್ತೆಯಲ್ಲಿ ದಿನವೂ ಓಡಾಡುವವರ ಸೊಂಟಕ್ಕೆ ದೊಡ್ಡ ಚಕ್ರವೇ ಹಿತ.

ನನ್ನ ದಾರಿಯಲ್ಲಿ ಲೀಟರಿಗೆ 45 ಕಿಲೋಮೀಟರಿನ ಆಸುಪಾಸು ಮೈಲೇಜ್ ಬರುತ್ತಿದೆ. ಎಡಗಡೆಯ ಶುಚಿ ತಪ್ಪಿದಾಗ ಇದು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಶಿಕ್ಷಕಿಯ ಸಂಬಳದಲ್ಲಿ ಸುಮಾರು ಒಂದು ಲಕ್ಷ ಕೊಟ್ಟು ಕೊಂಡ ಗಾಡಿಯನ್ನು ನಾಲ್ಕೈದು ವರ್ಷಕ್ಕೆ ಮಾರಿ ಹೊಸತು ತರುವ ಯೋಚನೆ ನನಗಿಲ್ಲ, ಇದನ್ನೇ ಇನ್ನೂ ಬಹುಕಾಲ ಓಡಿಸುತ್ತೇನೆ. ಹಳೆಯ 125 ಸಿಸಿ ಸ್ಕೂಟರ್ ಕೊಳ್ಳಹೊರಟವರು ಬಣ್ಣ, ಸೀಟು, ಮೀಟರಿನ ಅಂಕಿ ಇವುಗಳಿಗೆ ಮರುಳಾಗದೆ, ಬೆಳಗಿನ ಹೊತ್ತು ಎಂಜಿನ್ ತಣ್ಣಗಿರುವಾಗಲೇ ಹೋಗಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಬೇಕು. ನಡುಗಿದರೆ, ಬೆಲ್ಟು ಮತ್ತು ಕ್ಲಚ್ಚಿನ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ನಡುಗದಿದ್ದರೂ ಬೆಲ್ಟು ಕೊನೆಯ ಸಲ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ ಎಂದು ಕೇಳಿ, ಸಾಧ್ಯವಾದರೆ ಬಿಲ್ಲು ತೋರಿಸಲು ಹೇಳಿ.