ಕೊತ್ತಂಬರಿಗೆ ಡಬ್ಬಿಯೋ, ಬಟ್ಟೆಯೋ: ನಮ್ಮ ಫ್ರಿಜ್ಜಿನಲ್ಲಿ ಇಟ್ಟು ನೋಡಿದ್ದು

ನಮ್ಮ ಮನೆಯಲ್ಲಿ ತಪ್ಪಲ ಪಲ್ಯ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಮೆಂತೆ, ರಾಜಗಿರಿ, ಸಬ್ಬಸಗಿ, ಪುಂಡಿ, ಏನಾದರೂ ಒಂದು ಇರಲೇಬೇಕು. ನಾನು ವಾರದಲ್ಲಿ ಆರು ದಿನ ಕೆಲಸಕ್ಕೆ ಹೋಗುವವಳು. ಭಾನುವಾರ ಬೆಳಿಗ್ಗೆ ಗದಗ ಪ್ಯಾಟಿಗೆ ಹೋಗಿ ವಾರಕ್ಕಾಗುವಷ್ಟು ಒಮ್ಮೆಲೇ ತರುತ್ತೇನೆ. ಬುಧವಾರ ಬರುವಷ್ಟರಲ್ಲಿ ಅರ್ಧ ಕೊಳೆತು ಆಕಳ ಪಾಲಾಗುತ್ತಿತ್ತು. "ಫ್ರಿಜ್ಜಿನಾಗ ಇಟ್ಟಿದ್ದೂ ಕೆಡತೈತಿ ಅಂದ್ರ ಅದು ಯಾತಕ್ಕ ಬೇಕವಾ?" ಎಂದು ನಮ್ಮತ್ತಿ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಅದಕ್ಕೇ ಕಳೆದ ಚಳಿಗಾಲದಿಂದ ಈ ಬೇಸಿಗೆ ಮುಗಿಯುವ ತನಕ ಒಂದೇ ಪದಾರ್ಥವನ್ನು ಬೇರೆ ಬೇರೆ ಥರ ಇಟ್ಟು, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಯಾವುದು ಎಷ್ಟು ದಿನ ಬಾಳುತ್ತದೆ ಎಂದು ನೋಡಿದೆ. ನಮ್ಮದು ಎರಡು ಬಾಗಿಲಿನ, ಬರ್ಫ ಕಟ್ಟದ ಫ್ರಿಜ್. ಒಳಗಿಡಲು ಒಂದು ಸಣ್ಣ ಥರ್ಮಾಮೀಟರ್ ಕೊಂಡೆ.

ಮೊದಲ ಸುತ್ತಿಗೆ ಐದು ಸಿವುಡು ಕೊತ್ತಂಬರಿ, ಐದು ಸಿವುಡು ಮೆಂತೆ. ಎಲ್ಲವೂ ಒಬ್ಬ ಅಜ್ಜಿಯ ಬುಟ್ಟಿಯಿಂದಲೇ ತಂದದ್ದು. ಬೇರು ಕತ್ತರಿಸಿ, ಹಳದಿ ಎಲೆ, ಜಜ್ಜಿದ ಎಲೆ ಆರಿಸಿ ತೆಗೆದೆ. ಒಂದು ಪಾಲು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಉಳಿಯಿತು. ಒಂದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿದೆ. ಒಂದನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ತುಂಬಿದೆ. ಒಂದನ್ನು ಮಾವನವರ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ತರಕಾರಿ ಡ್ರಾದಲ್ಲಿಟ್ಟೆ. ಕೊನೆಯದನ್ನು ಅದೇ ಧೋತರದ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ.

ಪ್ಲಾಸ್ಟಿಕ್ ಚೀಲದ್ದು ಮೂರನೇ ದಿನಕ್ಕೇ ಸೋತಿತು. ಹೊರಗಿನಿಂದ ಹಸಿರಾಗಿಯೇ ಕಂಡರೂ ಬಿಚ್ಚಿದರೆ ಸಿವುಡಿನ ನಡುವೆ ಲೋಳೆ, ಕೆಟ್ಟ ವಾಸನೆ. ಬಿಗಿ ಡಬ್ಬಿಯದು ಐದನೇ ದಿನ ಹಳದಿ ತಿರುಗಿತು. ಮುಚ್ಚಳದ ಒಳಗೆಲ್ಲ ನೀರ ಹನಿ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತದೆ, ತೇವ ಬಿಡುತ್ತದೆ. ಆ ತೇವ ಹೋಗಲು ದಾರಿಯಿಲ್ಲದೆ ಎಲೆಯ ಮೇಲೇ ಕೂತರೆ ಕೊಳೆ ಶುರು. ಬರೀ ಬಟ್ಟೆಯದರಲ್ಲಿ ಇದಕ್ಕೆ ಉಲ್ಟಾ ಆಯಿತು. ಬರ್ಫ ಕಟ್ಟದ ಫ್ರಿಜ್ಜಿನಲ್ಲಿ ಫ್ಯಾನಿನ ಒಣ ಗಾಳಿ ಆಡುತ್ತಲೇ ಇರುತ್ತದಲ್ಲ, ಆರನೇ ದಿನಕ್ಕೆ ಕೊತ್ತಂಬರಿಯ ತುದಿ ಒಣಗಿ ಪುಡಿಯಾಗುವ ಹಾಗಾಯಿತು. ಕೊಳೆತಿರಲಿಲ್ಲ, ಆದರೆ ಘಮವೂ ಉಳಿದಿರಲಿಲ್ಲ.

ಪೇಪರಿನದು ಆರನೇ ದಿನದ ತನಕ ಚೆನ್ನಾಗಿತ್ತು ಎಂದು ಒಪ್ಪಲೇಬೇಕು. ನಡುವೆ ಒಮ್ಮೆ ಒದ್ದೆ ಪೇಪರ್ ತೆಗೆದು ಬೇರೆ ಸುತ್ತಬೇಕಾಯಿತು, ಅಷ್ಟೇ. ಆದರೂ ಅದನ್ನು ನಾನು ಕೈಬಿಟ್ಟೆ. ಒದ್ದೆ ಪೇಪರಿನ ಶಾಯಿ ನನ್ನ ಬೆರಳಿಗೇ ಹತ್ತಿತ್ತು. ಎಲೆಗೆ ಹತ್ತದೆ ಇರುತ್ತದೆಯೇ? ಶಾಯಿಯಲ್ಲಿ ಸೀಸದಂಥ ಲೋಹ ಇರಬಹುದು, ಆಹಾರ ಸುತ್ತಲು, ಇಡಲು ಪೇಪರ್ ಬಳಸಬೇಡಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಹೇಳಿದೆ. ಮಿರ್ಚಿ ಭಜಿಯ ಪೊಟ್ಟಣಕ್ಕೆ ಹೇಳಿದ ಮಾತು ಎಂದು ನಾವು ಬಿಟ್ಟುಬಿಡುತ್ತೇವೆ, ಸೊಪ್ಪಿಗೂ ಅದೇ ಅನ್ವಯಿಸುತ್ತದೆ.

ಗೆದ್ದದ್ದು ಸ್ಟೀಲ್ ಡಬ್ಬಿಯೊಳಗಿನ ಧೋತರ. ಮೆಂತೆ ಎಂಟನೇ ದಿನವೂ ಪಲ್ಯಕ್ಕೆ ಬಂತು, ಕೊತ್ತಂಬರಿ ಹನ್ನೊಂದು ದಿನ. ಎಲೆ ಬಿಟ್ಟ ತೇವವನ್ನು ಬಟ್ಟೆ ಕುಡಿಯುತ್ತದೆ, ಡಬ್ಬಿ ಅದನ್ನು ಹೊರಗೆ ಹೋಗಗೊಡುವುದಿಲ್ಲ. ಹೀಗಾಗಿ ಎಲೆ ಒದ್ದೆಯೂ ಆಗಲಿಲ್ಲ, ಒಣಗಲೂ ಇಲ್ಲ. ಹೊಸ ಟವೆಲ್ ಇಟ್ಟು ನೋಡಿದೆ, ಅದು ಧೋತರದಷ್ಟು ನೀರು ಹೀರಲಿಲ್ಲ. ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಬೇಕು. ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತೇನೆ.

ತೊಳೆದು ಇಡಬೇಕೋ, ತೊಳೆಯದೆ ಇಡಬೇಕೋ ಎಂಬುದು ನಮ್ಮೂರಿನಲ್ಲಿ ಸಣ್ಣ ಪ್ರಶ್ನೆಯಲ್ಲ. ನಳದ ನೀರು ಬಂದ ದಿನ ಎಲ್ಲ ತೊಳೆದಿಟ್ಟುಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿದ ವಾರ, ಎರಡು ತಾಸು ಫ್ಯಾನಿನ ಕೆಳಗೆ ಹರವಿ ಆರಿಸಿದ್ದರೂ ಕೊತ್ತಂಬರಿ ಆರೇ ದಿನ ಬಂತು. ಆರಿಸದೆ ಹಸಿಯಾಗಿ ಇಟ್ಟದ್ದು ಎರಡೇ ದಿನ. ಮಣ್ಣು ಕೊಡವಿ ಇಟ್ಟು, ಅಡುಗೆಗೆ ತೆಗೆದಾಗ ತೊಳೆಯುವುದೇ ಸರಿ.

ಇನ್ನೊಂದು ಪಾಠ ಟೊಮೇಟೊದಿಂದ ಬಂತು. ಒಂದು ವಾರ ಡಬ್ಬಿ ಸಾಲದೆ ಬಟ್ಟೆ ಸುತ್ತಿದ ಕೊತ್ತಂಬರಿಯನ್ನು ಟೊಮೇಟೊ ಇದ್ದ ಡ್ರಾದಲ್ಲೇ ಇಟ್ಟೆ. ನಾಲ್ಕನೇ ದಿನಕ್ಕೆ ಎಲೆ ಹಳದಿ. ಹಣ್ಣಾಗುವ ಟೊಮೇಟೊ, ಬಾಳೆ, ಸೇಬು, ಮಾವು ಎಥಿಲೀನ್ ಎಂಬ ಗಾಳಿ ಬಿಡುತ್ತವೆ, ಅದು ಪಕ್ಕದ ಸೊಪ್ಪಿಗೆ ಬೇಗ ವಯಸ್ಸು ತರುತ್ತದೆ. ಹಸಿಗೆಂಪು ಟೊಮೇಟೊ ಈಗ ಹೊರಗಿನ ಬುಟ್ಟಿಯಲ್ಲೇ ಹಣ್ಣಾಗುತ್ತದೆ. ತಣ್ಣಗಿಟ್ಟರೆ ಅದರ ರುಚಿಯೂ ಸಪ್ಪೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಕೂಡ ಹೊರಗೇ, ಉಳ್ಳಾಗಡ್ಡಿ ಒಂದು ಕಡೆ, ಬಟಾಟಿ ಇನ್ನೊಂದು ಕಡೆ. ಫ್ರಿಜ್ಜಿನಲ್ಲಿಟ್ಟ ಬಟಾಟಿಯ ಪಿಷ್ಟ ಸಕ್ಕರೆಗೆ ತಿರುಗಿ, ಕರಿದಾಗ ಬೇಗ ಕಪ್ಪಾಗುತ್ತದೆ.

ಹಸಿಮೆಣಸಿನಕಾಯಿಯಲ್ಲಿ ಹೋಲಿಸಲು ಹೆಚ್ಚೇನಿಲ್ಲ. ತೊಟ್ಟು ಇದ್ದದ್ದು ಒಂಬತ್ತು ದಿನಕ್ಕೆ ತೊಟ್ಟಿನ ಬುಡದಲ್ಲೇ ಬೂಸ್ಟು ಹಿಡಿಯಿತು; ತೊಟ್ಟು ತೆಗೆದು ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟದ್ದು ಮೂರು ವಾರ ಬಂತು. ಒಣ ಮೆಣಸಿನಕಾಯಿಯ ಕಥೆ ಬೇರೆ. ನನ್ನ ತವರು ಬ್ಯಾಡಗಿ ಕಡೆ. ಅಲ್ಲಿ ಕೋಲ್ಡ್ ಸ್ಟೋರೇಜುಗಳಲ್ಲಿ ಮೆಣಸಿನಕಾಯಿ ಚೀಲ ಇಡುವುದೇ ಬಣ್ಣ ಮಾಸಬಾರದೆಂದು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಅದನ್ನು ನೋಡಿ ಬೆಳೆದವಳಿಗೂ ಮನೆಯಲ್ಲಿ ಮಾಡಬೇಕೆಂದು ಹೊಳೆದದ್ದು ಈ ಸಲವೇ. ಒಂದೇ ಸಲ ಕುಟ್ಟಿಸಿದ ಖಾರದ ಪುಡಿಯನ್ನು ಅರ್ಧ ಅಡುಗೆಮನೆಯ ಡಬ್ಬಿಗೂ ಅರ್ಧ ಗಾಜಿನ ಬಾಟಲಿಗೆ ಒತ್ತಿ ತುಂಬಿ ಫ್ರಿಜ್ಜಿಗೂ ಹಾಕಿದೆ. ಆರು ತಿಂಗಳ ಮೇಲೆ ಎರಡನ್ನೂ ಬಿಳಿ ತಾಟಿನಲ್ಲಿ ಸುರಿದಾಗ ಹೊರಗಿನದು ಇಟ್ಟಿಗೆ ಬಣ್ಣ, ಒಳಗಿನದು ಕುಟ್ಟಿಸಿದ ದಿನದ ಕೆಂಪು. ತೆಗೆಯುವಾಗ ಮಾತ್ರ ಬಾಟಲಿ ಹೊರಗಿನ ಬಿಸಿಗೆ ಬಂದು ನೀರು ಬಿಡುವ ಮೊದಲೇ ಬೇಕಾದಷ್ಟು ತೆಗೆದು ಒಳಗಿಡಬೇಕು.

ಹಾಲು ಬಾಗಿಲಲ್ಲೋ, ಒಳಗೋ? ಬಾಗಿಲಲ್ಲಿ ಬಾಟಲಿ ಇಡುವ ಜಾಗ ಮಾಡಿಕೊಟ್ಟಿದ್ದಾರೆಂದು ಹಾಲಿನ ಪಾಕೀಟನ್ನೂ ಅಲ್ಲೇ ಇಡುತ್ತಿದ್ದೆ. ಏಪ್ರಿಲ್ ಮಧ್ಯಾಹ್ನ ಥರ್ಮಾಮೀಟರ್ ಇಟ್ಟಾಗ ಬಾಗಿಲಲ್ಲಿ 10 ಡಿಗ್ರಿ, ನಡುವಿನ ಅಂತಸ್ತಿನ ಹಿಂಬದಿಯಲ್ಲಿ 4. ಐದು ಡಿಗ್ರಿ ದಾಟಿದರೆ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ದಾರಿ ಸಿಗುತ್ತದೆ. ಬಾಗಿಲಿನ ಪಾಕೀಟು ಎರಡನೇ ದಿನ ಕಾಯಿಸುವಾಗ ಒಡೆಯಿತು, ಹಿಂದಿಟ್ಟದ್ದು ಒಡೆಯಲಿಲ್ಲ. ಬಾಗಿಲಲ್ಲಿ ಈಗ ನೀರು, ಉಪ್ಪಿನಕಾಯಿ, ಸಾಸು ಮಾತ್ರ.

ಉಳಿದ ಅನ್ನ, ಸಾರಿನ ವಿಷಯದಲ್ಲಿ ನಾನು ಬಹಳ ತಪ್ಪು ಮಾಡಿದ್ದೆ. ಬಿಸಿ ಪಾತ್ರೆ ಫ್ರಿಜ್ಜಿಗೆ ಇಡಬಾರದೆಂದು ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಡುತ್ತಿದ್ದೆ. ಮಾಡಿದ ಅಡುಗೆ ಎರಡು ತಾಸಿಗಿಂತ ಹೆಚ್ಚು ಹೊರಗಿರಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ಗದಗಿನ ಬೇಸಿಗೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅನ್ನದ ಮೇಲಂತೂ ಹೆಚ್ಚು ನಿಗಾ ಬೇಕು. ಅದರಲ್ಲಿರುವ ಬೆಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೇ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಪಾತ್ರೆಯಲ್ಲೇ ಬಿಟ್ಟ ಅನ್ನ ಎರಡು ತಾಸಾದರೂ ನಡುವೆ ಬೆಚ್ಚಗಿತ್ತು. ಪರಾತದಲ್ಲಿ ಹರವಿದ್ದು ಅರ್ಧ ತಾಸಿಗೆ ಆರಿತು. ಆರಿದ ತಕ್ಷಣ ಸಣ್ಣ ಡಬ್ಬಿಗೆ ಹಾಕಿ ಒಳಗಿಡುತ್ತೇನೆ, ಮರುದಿನವೇ ಮುಗಿಸುತ್ತೇವೆ.

ಫ್ರೀಜರಿನ ಪರೀಕ್ಷೆಗೆ ಚಳಿಗಾಲದ ಹಸಿ ಬಟಾಣಿ ಆರಿಸಿದೆ. ಒಂದು ಕಿಲೋ ಹಾಗೇ ಸುಲಿದು ತುಂಬಿದ್ದು, ಒಂದು ಕಿಲೋ ಎರಡು ನಿಮಿಷ ಕುದಿನೀರಲ್ಲಿ ಹಾಕಿ, ಬರ್ಫದ ನೀರಿಗೆ ಸುರಿದು, ಬಟ್ಟೆಯ ಮೇಲೆ ಆರಿಸಿದ್ದು. ಒಂದು ತಿಂಗಳ ತನಕ ಎರಡಕ್ಕೂ ಫರಕು ಕಾಣಲಿಲ್ಲ. ಇಷ್ಟೆಲ್ಲ ಉಸಾಬರಿ ಯಾಕೆ ಬೇಕಿತ್ತು ಎಂದೂ ಅನ್ನಿಸಿತು. ನಾಲ್ಕನೇ ತಿಂಗಳು ಹಸಿಯಾಗಿ ತುಂಬಿದ ಬಟಾಣಿ ಮಂಕಾಗಿ, ಒಣ ಹುಲ್ಲಿನ ವಾಸನೆ ಬಂತು. ಕುದಿನೀರು ಕಂಡದ್ದು ಹಸಿರಾಗಿ, ಸಿಹಿಯಾಗಿ ಉಳಿದಿತ್ತು. ಕಾಳಿನೊಳಗಿನ ಕಿಣ್ವಗಳು ಬರ್ಫದಲ್ಲಿ ನಿಧಾನವಾಗುತ್ತವೆಯೇ ಹೊರತು ನಿಲ್ಲುವುದಿಲ್ಲ, ಅವನ್ನು ನಿಲ್ಲಿಸುವುದು ಆ ಎರಡು ನಿಮಿಷದ ಬಿಸಿ.

ತುಂಬುವುದರಲ್ಲಿ ನನ್ನ ಪ್ರೀತಿಯ ಸ್ಟೀಲ್ ಡಬ್ಬಿ ಇಲ್ಲಿ ಸೋತಿತು. ಕಾಳಿನ ಮೇಲೆ ಖಾಲಿ ಉಳಿದ ಜಾಗದ ಗಾಳಿಯಿಂದ ಮೇಲಿನ ಕಾಳು ಒಣಗಿ ಬಿಳಿಚಿಕೊಂಡವು. ಜಿಪ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು, ಬೆರಳಿನಷ್ಟು ದಪ್ಪ ಹರವಿ ಇಟ್ಟದ್ದು ಚೆನ್ನಾಗಿ ಬಂತು, ಒಂದು ಹೊತ್ತಿಗೆ ಬೇಕಾದಷ್ಟೇ ಮುರಿದು ತೆಗೆಯಬಹುದು. ಕಾಯಿತುರಿಗೂ ಆಪೂಸ್ ರಸಕ್ಕೂ ಅದೇ ಕ್ರಮ.

ಅದೇ ಬಟಾಣಿಯ ಒಂದು ಚೀಲ ತವರಿಗೂ ಕೊಟ್ಟಿದ್ದೆ. ಅವ್ವನದು ಒಂದು ಬಾಗಿಲಿನ ಫ್ರಿಜ್. ಅದರ ಮೇಲಿನ ಬರ್ಫದ ಖಾನೆಯಲ್ಲಿ ನನ್ನ ಥರ್ಮಾಮೀಟರ್ ಮೈನಸ್ 8 ತೋರಿಸಿತು. ತಿಂಗಳುಗಟ್ಟಲೆ ಇಡಲು ಮೈನಸ್ 18 ಬೇಕು. ಎರಡೇ ತಿಂಗಳಿಗೆ ಬಟಾಣಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಅಂಥ ಫ್ರಿಜ್ಜಿನಲ್ಲಿ ಹದಿನೈದು ದಿನಕ್ಕಾಗುವಷ್ಟೇ ಇಡಿ, ಬರ್ಫ ಅರ್ಧ ಸೆಂಟಿಮೀಟರ್ ದಪ್ಪವಾದಾಗ ಬಂದ್ ಮಾಡಿ ಕರಗಿಸಿ. ಚಾಕು ಹಾಕಿ ಮಾತ್ರ ಕೆರೆಯಬೇಡಿ, ಒಳಗಿನ ಗ್ಯಾಸಿನ ಕೊಳವೆ ತೂತಾಗುತ್ತದೆ.

ಯಾವ ಉಪಾಯಕ್ಕೂ ಬಗ್ಗದೆ ಉಳಿದದ್ದು ಹಕ್ಕರಿಕಿ. ಧೋತರ, ಡಬ್ಬಿ, ಪೇಪರ್, ಬೇರು ಸಮೇತ ನೀರಿನ ಲೋಟ, ಎಲ್ಲದರಲ್ಲೂ ಇಟ್ಟೆ. ಎರಡನೇ ದಿನಕ್ಕೆ ಎಲೆ ಬಾಡಲಿಲ್ಲ ನಿಜ, ಆದರೆ ರೊಟ್ಟಿ ಜೊತೆ ಹಸಿಯಾಗಿ ಕಡಿದಾಗ ಬರುವ ಕರಕರ ಹೋಗಿತ್ತು. ಅದನ್ನೊಂದು ಈಗಲೂ ಬೇಕಾದ ದಿನವೇ ತರಿಸುತ್ತೇನೆ. ಓಣಿಗೆ ತಪ್ಪಲು ಮಾರುತ್ತ ಬರುವಾಕೆಯ ದನಿ ಕೇಳಿದರೆ ಅತ್ತಿಯವರೇ ಎದ್ದು ಹೋಗಿ ಎರಡು ಸಿವುಡು ಹಿಡಿದು ಬರುತ್ತಾರೆ.