ಎಫ್‌ಪಿಎಲ್: ಹೊಸಬರಿಗೆ ತಕ್ಕ ಆಟವೇ, ಆದರೆ ಅಂಕ ಸೋರುವುದು ಎಲ್ಲಿ?

ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರು ಮೈದಾನದಲ್ಲಿ ಆಡಿದಂತೆ ಅಂಕ ಗಳಿಸುವ ಫ್ಯಾಂಟಸಿ ಫುಟ್‌ಬಾಲ್‌ಗೆ ಕೈ ಹಾಕುವವರಿಗೆ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ತಾನೇ ನಡೆಸುವ ಫ್ಯಾಂಟಸಿ ಪ್ರೀಮಿಯರ್ ಲೀಗ್, ಅಂದರೆ ಎಫ್‌ಪಿಎಲ್, ಒಳ್ಳೆಯ ಆರಂಭ. 2002–03ರಿಂದ ನಡೆಯುತ್ತಿದೆ, ಪೂರ್ತಿ ಉಚಿತ, ಸೀಸನ್ ಅರ್ಧ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳುತ್ತದೆ. ನಿಯಮಗಳನ್ನು ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ತೊಂದರೆ ಏನೆಂದರೆ, ಅಂಕ ಎಲ್ಲೆಲ್ಲಿ ಸೋರುತ್ತದೆ ಎಂದು ಆ್ಯಪ್ ತಾನಾಗಿ ಹೇಳುವುದಿಲ್ಲ.

ಕೈಗೆ ಸಿಗುವುದು 100 ಮಿಲಿಯನ್ ಪೌಂಡ್‌ಗಳ ಕಾಲ್ಪನಿಕ ದುಡ್ಡು. ಅದರಲ್ಲಿ 15 ಜನರನ್ನು ಕೊಳ್ಳಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದೇ ಕ್ಲಬ್‌ನಿಂದ ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಹೊಸಬರು ಮೊದಲು ಮಾಡುವುದು ನಾಲ್ಕು ದೊಡ್ಡ ಹೆಸರು ಹಾಕಿ, ಉಳಿದ ಚಿಲ್ಲರೆಯಲ್ಲಿ ತಂಡ ತುಂಬಿಸುವುದು. ಲೆಕ್ಕ ಉಲ್ಟಾ ಕಡೆಯಿಂದ ಹಾಕಿ. ಬೆಂಚ್‌ನ ನಾಲ್ವರನ್ನು 4.0 ಅಥವಾ 4.5ರ ಅಗ್ಗದ ಆಟಗಾರರಿಂದ ಸುಮಾರು 17 ಮಿಲಿಯನ್‌ನಲ್ಲಿ ಮುಗಿಸಿದರೆ, ಕಣಕ್ಕಿಳಿಯುವ 11 ಜನರಿಗೆ 83 ಉಳಿಯುತ್ತದೆ. ತಲೆಗೆ ಸರಾಸರಿ ಏಳೂವರೆ. ಇಬ್ಬರು ದುಬಾರಿ ಆಟಗಾರರನ್ನು ಸಲೀಸಾಗಿ ಹೊರಬಹುದು, ಮೂರನೆಯವನು ಬಂದರೆ ತಂಡ ಏದುಸಿರು ಬಿಡುತ್ತದೆ.

ಅಗ್ಗ ಎಂದರೆ ಯಾರಾದರೂ ಸರಿ ಎಂದಲ್ಲ. ಬೆಂಚ್‌ನಲ್ಲಿ ಒಬ್ಬಿಬ್ಬರಾದರೂ ತಮ್ಮ ಕ್ಲಬ್‌ಗೆ ವಾರವಾರ ಆಡುವವರಾಗಿರಬೇಕು. ನಿಮ್ಮ ಹನ್ನೊಂದರಲ್ಲಿ ಒಬ್ಬ ಒಂದು ನಿಮಿಷವೂ ಆಡದಿದ್ದರೆ ಮಾತ್ರ ಬೆಂಚ್‌ನಿಂದ ಬದಲಿ ಬರುತ್ತಾನೆ, ಅದೂ ನೀವಿಟ್ಟ ಕ್ರಮದಲ್ಲೇ. ಇಲ್ಲೇ ದೊಡ್ಡ ಗುಂಡಿ ಇರುವುದು: 89ನೇ ನಿಮಿಷಕ್ಕೆ ಮೈದಾನಕ್ಕಿಳಿದವನು 1 ಅಂಕ ತಂದು, ತನ್ನ ಕ್ಲಬ್‌ಗೆ ಗೋಲು ಹೊಡೆದೂ ನಿಮ್ಮ ಬೆಂಚ್‌ನಲ್ಲಿ ಕೂತವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಮೂವರೇ ಡಿಫೆಂಡರ್‌ಗಳನ್ನು ಇಳಿಸಿ ಅವರಲ್ಲೊಬ್ಬ ಆಡದಿದ್ದರೆ, ಬದಲಿಯೂ ಡಿಫೆಂಡರ್ ಆಗಿರಲೇಬೇಕು. ಬೆಂಚ್‌ನ ಮೊದಲ ಸ್ಥಾನದಲ್ಲಿ ಯಾರಿದ್ದರೂ ಉಪಯೋಗವಿಲ್ಲ. ಆದ್ದರಿಂದ ಆಟಗಾರನ ಹೆಸರಿಗಿಂತ ಮೊದಲು ನೋಡಬೇಕಾದದ್ದು ಅವನು ಆಡಿದ ನಿಮಿಷಗಳು. 60 ನಿಮಿಷ ದಾಟಿದರೆ 2 ಅಂಕ, ಅದಕ್ಕಿಂತ ಕಡಿಮೆಯಾದರೆ 1. ಕ್ಲೀನ್ ಶೀಟ್ (ತಂಡ ಗೋಲು ಬಿಟ್ಟುಕೊಡದಿರುವುದು) ಅಂಕಕ್ಕೂ 60 ನಿಮಿಷ ಬೇಕೇಬೇಕು.

ಗೋಲಿನ ಬೆಲೆ ಸ್ಥಾನದ ಮೇಲೆ ನಿಂತಿದೆ: ಫಾರ್ವರ್ಡ್‌ಗೆ 4, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6. ಅಸಿಸ್ಟ್, ಅಂದರೆ ಗೋಲಿಗೆ ದಾರಿ ಮಾಡಿಕೊಟ್ಟ ನೆರವು, ಯಾರದ್ದಾದರೂ 3. ಕ್ಲೀನ್ ಶೀಟ್ ಆದರೆ ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗೆ 4, ಮಿಡ್‌ಫೀಲ್ಡರ್‌ಗೆ 1. ಹೀಗಾಗಿ ಮೈದಾನದಲ್ಲಿ ಮುಂದೆ ಆಡುತ್ತಾ ಪಟ್ಟಿಯಲ್ಲಿ ಮಿಡ್‌ಫೀಲ್ಡರ್ ಎಂದಿರುವವನು ಚಿನ್ನ. ಲಿವರ್‌ಪೂಲ್‌ನ ಮೊಹಮದ್ ಸಲಾ 2024–25ರಲ್ಲಿ 344 ಅಂಕಗಳ ದಾಖಲೆ ಬರೆದದ್ದು ಮಿಡ್‌ಫೀಲ್ಡರ್ ಪಟ್ಟಿಯಲ್ಲಿದ್ದುಕೊಂಡೇ. 2022–23ರಲ್ಲಿ 36 ಗೋಲು ಹೊಡೆದ ಎರ್ಲಿಂಗ್ ಹಾಲಂಡ್ ಫಾರ್ವರ್ಡ್ ಆಗಿ ಗಳಿಸಿದ್ದು 272. 2025–26ರಿಂದ ಇನ್ನೊಂದು ಸೇರಿದೆ: ಎದುರಾಳಿಯ ಆಟವನ್ನು ತಡೆಯುವ ಟ್ಯಾಕಲ್, ಇಂಟರ್‌ಸೆಪ್ಷನ್, ಬ್ಲಾಕ್, ಕ್ಲಿಯರೆನ್ಸ್ ಒಂದು ಪಂದ್ಯದಲ್ಲಿ ಒಟ್ಟು 10 ಆದರೆ ಡಿಫೆಂಡರ್‌ಗೆ 2 ಅಂಕ. ಸದಾ ಒತ್ತಡದಲ್ಲಿ ಆಡುವ ಸಣ್ಣ ಕ್ಲಬ್‌ನ ಸೆಂಟರ್ ಬ್ಯಾಕ್‌ಗೆ ಇದರಿಂದ ಬೆಲೆ ಬಂದಿದೆ. ಒಳ್ಳೆಯ ಬದಲಾವಣೆ.

ನಿಮ್ಮ ತಂಡದಲ್ಲಿ ನೀವು ಆರಿಸಿದ ಕ್ಯಾಪ್ಟನ್‌ನ ಅಂಕ ಇಮ್ಮಡಿ. ಅವನು ಆಡದೇ ಹೋದರೆ ವೈಸ್ ಕ್ಯಾಪ್ಟನ್‌ನದು ಇಮ್ಮಡಿಯಾಗುತ್ತದೆ; ಅದಕ್ಕೇ ಇಬ್ಬರನ್ನೂ ಗಾಯದ ಅನುಮಾನ ಇರುವವರಿಂದ ಆರಿಸಬೇಡಿ.

ಟ್ರಾನ್ಸ್‌ಫರ್ ವಿಷಯದಲ್ಲಿ ಆಟ ಧಾರಾಳವಾಗಿದೆ, ಆಡುವವರು ದುಡುಕುತ್ತಾರೆ. ಗೇಮ್‌ವೀಕ್‌ಗೆ, ಅಂದರೆ ಲೀಗ್‌ನ ಒಂದು ಸುತ್ತಿನ ಪಂದ್ಯಗಳಿಗೆ, ಒಂದು ಬದಲಾವಣೆ ಉಚಿತ, ಬಳಸದಿದ್ದರೆ ಐದರವರೆಗೆ ಕೂಡಿಡಬಹುದು. ಮೀರಿದ ಪ್ರತಿ ಬದಲಾವಣೆಗೆ 4 ಅಂಕ ಕಡಿತ. ಎಂದರೆ ಹಾಗೆ ತಂದ ಆಟಗಾರ ಕೈಬಿಟ್ಟವನಿಗಿಂತ 4 ಹೆಚ್ಚು ಗಳಿಸಿದರೂ ನಿಮ್ಮ ಲಾಭ ಸೊನ್ನೆ. ಕಳೆದ ವಾರ ಎರಡು ಗೋಲು ಹೊಡೆದವನ ಹಿಂದೆ ಓಡುವವರು ಇಲ್ಲೇ ಸೋಲುವುದು. ಆ ಗೋಲುಗಳ ಅಂಕ ಆಗಲೇ ಬೇರೆಯವರ ಪಾಲಾಗಿರುತ್ತದೆ. ನೋಡಬೇಕಾದದ್ದು ಮುಂದಿನ ನಾಲ್ಕೈದು ಪಂದ್ಯಗಳ ಎದುರಾಳಿಗಳನ್ನು. ಶನಿವಾರದ ಪಂದ್ಯಕ್ಕೆ ಸೋಮವಾರವೇ ಗುಂಡಿ ಒತ್ತಿದರೆ ನಡುವಿನ ಗಾಯದ ಸುದ್ದಿಗೆ ಉತ್ತರವಿಲ್ಲ. ಗಡುವು ಆ ಗೇಮ್‌ವೀಕ್‌ನ ಮೊದಲ ಪಂದ್ಯಕ್ಕೆ 90 ನಿಮಿಷ ಮೊದಲು. ಅದು ಶುಕ್ರವಾರವೂ ಬರಬಹುದು, ವಾರದ ನಡುವೆಯೂ ಬರಬಹುದು.

ಹೊಸಬರನ್ನು ಬಹಳ ಗೊಂದಲಕ್ಕೆ ತಳ್ಳುವುದು ಮಾರಾಟದ ಬೆಲೆ. 7.0ಕ್ಕೆ ಕೊಂಡವನ ಬೆಲೆ 7.3ಕ್ಕೆ ಏರಿದರೆ ಮಾರುವಾಗ ಸಿಗುವುದು 7.1, ಏಕೆಂದರೆ ಲಾಭದ ಅರ್ಧ ಮಾತ್ರ ನಿಮ್ಮದು, ಅದೂ ಕೆಳಕ್ಕೆ ದುಂಡಾಗಿಸಿ. ಮತ್ತೆ ಅವನನ್ನೇ ಕೊಳ್ಳಬೇಕೆಂದರೆ ಪೂರ್ತಿ 7.3 ತೆರಬೇಕು. ಸಾಧಾರಣ ಮಾತನ್ನು ಇಷ್ಟು ಮರೆಯಲ್ಲಿ ಇಡಬಾರದಿತ್ತು.

ಬೇಕಾದ ವಾರ ಒಮ್ಮೆ ಬಳಸುವ ವಿಶೇಷ ಸವಲತ್ತುಗಳಾದ ಚಿಪ್‌ಗಳ ಬಗ್ಗೆ ಶುರುವಿನಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ. 2025–26ರಲ್ಲಿ ವೈಲ್ಡ್‌ಕಾರ್ಡ್, ಫ್ರೀ ಹಿಟ್ (ಒಂದು ವಾರಕ್ಕೆ ಮಾತ್ರ ತಂಡ ಬದಲಿಸುವುದು), ಬೆಂಚ್ ಬೂಸ್ಟ್ (ಬೆಂಚ್‌ನವರ ಅಂಕವೂ ಸೇರುವುದು), ಟ್ರಿಪಲ್ ಕ್ಯಾಪ್ಟನ್ (ಕ್ಯಾಪ್ಟನ್‌ನ ಅಂಕ ಮುಮ್ಮಡಿ) ತಲಾ ಎರಡು ಇವೆ, ಸೀಸನ್‌ನ ಪ್ರತಿ ಅರ್ಧಕ್ಕೆ ಒಂದೊಂದು. ಮೊದಲಾರ್ಧದವು 19ನೇ ಗೇಮ್‌ವೀಕ್‌ನ ಗಡುವಿಗೆ ಸತ್ತುಹೋಗುತ್ತವೆ, ಮುಂದಕ್ಕೆ ಸಾಗಿಸಲಾಗದು. ತಂಡ ಐದಾರು ಕಡೆ ಹರಿದಿದ್ದರೆ ವೈಲ್ಡ್‌ಕಾರ್ಡ್ ಹಾಕಿ. ಅದರಲ್ಲಿ ಎಷ್ಟು ಬದಲಾವಣೆ ಮಾಡಿದರೂ ಕಡಿತವಿಲ್ಲ.

ಕೋಡ್ ಹಂಚಿ ಗೆಳೆಯರ ಖಾಸಗಿ ಲೀಗ್ ಮಾಡುವ ಸೌಲಭ್ಯ ಈ ಆಟದ ಜೀವ; ಒಂಟಿಯಾಗಿ ಆಡಿದರೆ 38 ಗೇಮ್‌ವೀಕ್ ಎಳೆಯುವುದು ಕಷ್ಟ. ಎಲ್ಲರ ತಂಡದಲ್ಲೂ ಅದೇ ಮುಖಗಳು ಎಂದು ಬೇಸರವಾದವರಿಗೆ ಇದರದ್ದೇ ಡ್ರಾಫ್ಟ್ ಆಟವಿದೆ: ಅಲ್ಲಿ ಬಜೆಟ್ ಇಲ್ಲ, ಒಂದು ಲೀಗ್‌ನಲ್ಲಿ ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಆದರೆ ಸರದಿಯಲ್ಲಿ ಆರಿಸುವಾಗ ನೂರಾರು ಆಟಗಾರರ ಪರಿಚಯ ಬೇಕಾಗುತ್ತದೆ, ಅದನ್ನು ಎರಡನೇ ಸೀಸನ್‌ಗೆ ಇಟ್ಟುಕೊಳ್ಳಿ.